ಗುಡಿಸು, ಇಳಿ

ಎರಡನೇ ಭಾನುವಾರ, ಚಾಮರಾಜಪೇಟೆ ಐದನೇ ರಸ್ತೆ.
ಹೋಟೆಲಿನ ಹಿಂದಿನ ಮೇಜು, ಕಾಲಡಿಗೆ ಮಡಚಿಟ್ಟ ಕಾಗದ,
ಆದರೂ ಅಲುಗುತ್ತದೆ.
ಗವಿರಂಗಯ್ಯನವರ ಓದುಗರು ಮೂವರು,
ನನ್ನನ್ನೂ ಸೇರಿಸಿದರೆ ನಾಲ್ಕು,
ಹಾಗಾಗಿ ಕಾಫಿ ಬೈಟು, ಎರಡು.

ತೋಂಟದಾರ್ಯ ಗಡಿಯಾರದ ಕಾರ್ಖಾನೆಯಲ್ಲಿದ್ದವರು.
ಅವರ ಲೆಕ್ಕದಲ್ಲಿ ಸಾಹಿತಿ ತೀರಿಕೊಂಡದ್ದು ಎಂಬತ್ತೆರಡರಲ್ಲೇ.
‘ಶನಿಯ ಸುಂಕದ ಕಟ್ಟೆ’ಯಲ್ಲಿ ಏನಿರಲಿಲ್ಲ ಹೇಳಿ,
ಉಂಗುರ ದಾಟುವ ಲಾರಿ, ಲಂಚ ಕೇಳುವ ಯಂತ್ರ,
ನೂರಾ ಹನ್ನೊಂದನೇ ಪುಟಕ್ಕೆ ಸರಿಯಾಗಿ ಒಂದು ಕೊಲೆ!
ಆಮೇಲೆ ಬರೆದದ್ದು? ನಲ್ಲಿ ಸೋರುತ್ತದೆ.
ಅರವತ್ತು ಪುಟ ಬರೀ ನಲ್ಲಿ ಸೋರುತ್ತದೆ ಸ್ವಾಮಿ,
ವ್ಯೋಮನೌಕೆಯೊಳಗೆ.

ಫ್ಲೋರಿನ್ ಟೀಚರು ಲೋಟ ಕುಕ್ಕುತ್ತಾರೆ.
ಆ ಹನಿಗಳನ್ನು ಎಣಿಸಿದ್ದೀರಾ? ನಾನು ಎಣಿಸಿದ್ದೇನೆ.
ಹನಿ ನೆಲ ಮುಟ್ಟುವ ಹೊತ್ತು ಪುಟಪುಟಕ್ಕೂ ಹಿಗ್ಗುತ್ತದೆ,
ನೌಕೆ ತಿರುಗುವುದನ್ನೇ ನಿಲ್ಲಿಸುತ್ತಿದೆ ಅಂತ
ಎಲ್ಲೂ ಹೇಳದೆ ಹೇಳುತ್ತಾರೆ.
ವಯಸ್ಸಾದ ಮೇಲಷ್ಟೇ ಬರುತ್ತದೆ ಆ ಸಾವಧಾನ.
ವಯಸ್ಸಾದ ಮೇಲೆ ಬರುವುದು ಮರೆವು, ಎನ್ನುತ್ತಾರೆ ತೋಂಟದಾರ್ಯ.

ಇಮ್ದಾದ್ ಊರೆಲ್ಲ ಪಾರ್ಸಲ್ ಹಂಚುವ ಹುಡುಗ.
ಹೆಲ್ಮೆಟ್ಟಿನೊಳಗಿಂದ ತೆಗೆಯುತ್ತಾನೆ ‘ನಿಲುಗಡೆ’,
ಕೊನೆಯ ಕಾದಂಬರಿ, ಬೆನ್ನು ಬಿಟ್ಟುಕೊಂಡ ಪ್ರತಿ,
ಓದುತ್ತಾನೆ ಕೊನೆಯ ಸಾಲು:
ಹೋದವರೆಲ್ಲ ಮರಳಾದರು.
ಮರಳಿದರು ಅಂತಿದ್ದಿದ್ದರೆ ಅದು ಕತೆ ಅಷ್ಟೇ, ಸಾರ್.
ಮರಳಾದರು!
ಮೂರು ದಿನ ನಿದ್ದೆ ಬರಲಿಲ್ಲ ನನಗೆ.
ತೋಂಟದಾರ್ಯರೂ ಒಂದು ಗಳಿಗೆ ಸುಮ್ಮನಾಗುತ್ತಾರೆ.

ನಾನು ಸಕ್ಕರೆ ಕಲಕುತ್ತೇನೆ. ಅದು ಆಗಲೇ ಕರಗಿದೆ.

ಇಲ್ಲಿಂದ ಮೂರನೇ ಕಟ್ಟಡ, ಈಗ ಗ್ರಾನೈಟಿನ ಅಂಗಡಿ,
ಆಗ ನಮ್ಮ ಪ್ರೆಸ್ಸು. ಮೊಳೆ ಜೋಡಿಸುತ್ತಿದ್ದವನು ನಾನು.
ಆ ರಾತ್ರಿ ಖಾನೆಯಲ್ಲಿ ‘ಳಿ’ ಮುಗಿದಿತ್ತೋ,
ಕಣ್ಣಿಗೆ ನಿದ್ದೆ ಕಟ್ಟಿತ್ತೋ,
ಗುಡಿಸು ಬೇಕಾದಲ್ಲಿ ಇಳಿ ಕೂತಿತು.
ಬೆಳಿಗ್ಗೆ ಕರಡು ಹಿಡಿದು ಹನುಮಂತನಗರಕ್ಕೆ ಓಡಿದೆ.
ತಪ್ಪಾಗಿದೆ ಸಾರ್.
ಅವರು ಆ ಸಾಲಿನ ಮೇಲೆ ಬೆರಳಿಟ್ಟು ಕೂತೇ ಕೂತರು.
ಯಾರದ್ದು, ಅಂದರು.
ನನ್ನದೇ, ಅಂದೆ.
ನನ್ನದೂ ಇರಬಹುದು, ಕೈ ನಡುಗುತ್ತೆ, ಅಂದರು.
ಹಸ್ತಪ್ರತಿಯ ಆ ಹಾಳೆ ಅಷ್ಟರಲ್ಲೇ
ರೋಲರಿನ ಮಸಿ ಒರೆಸಿ ಹೋಗಿತ್ತು.
ಒಳಗೆ ಯಾರೋ ಒಗ್ಗರಣೆ ಹಾಕಿದರು. ಸೀನು ಬಂತು ನನಗೆ.
ಇರಲಿ ಬಿಡಿ, ಅಂದರು.

ಆಮೇಲೆ ಅವರು ಬರೆದದ್ದು ಎರಡೇ ಕಾಗದ,
ಎರಡೂ ಪ್ರಕಾಶಕರಿಗೆ, ಬಾಕಿ ಹಣದ ವಿಚಾರ.

ನೀವೇನಂತೀರಿ ರುದ್ರೋಜಿಯವರೇ, ಕೇಳುತ್ತಾರೆ ಟೀಚರು,
ಕೊನೆಗಾಲದ್ದು ಗಟ್ಟಿಯೋ, ಜೊಳ್ಳೋ?
ರಸ್ತೆಯಲ್ಲಿ ಚರಂಡಿ ಕೆಲಸಕ್ಕೆ ಸುರಿದ ಎಂ-ಸ್ಯಾಂಡ್
ಗಾಳಿಗೆ ಹೊಸಿಲು ದಾಟಿ ಮೇಜಿನಡಿಗೆ ಬಂದಿದೆ,
ಕ್ಲೀನರ್ ಹುಡುಗಿ ಪೊರಕೆ ಹಿಡಿದು
ಕಾಲೆತ್ತಿ ಸಾರ್, ಅನ್ನುತ್ತಾಳೆ.

ಎತ್ತುತ್ತೇವೆ, ನಾಲ್ವರೂ.
ಇನ್ನೊಂದು ಸಲ ಓದಬೇಕು, ಅನ್ನುತ್ತೇನೆ ನಾನು.