ಹೊಗೆ ಹೋಗುವ ದಾರಿ

ಶಿರಂಗಾಲಕ್ಕೆ ಬರುವಷ್ಟರಲ್ಲಿ ಕೊಡಗು ಮುಗಿಯುತ್ತ ಬಂದಿರುತ್ತದೆ.
ಬೆಟ್ಟ ಬೆನ್ನು ತಿರುಗಿಸಿದ ಮೇಲೆ ಉಳಿಯುವುದು
ಜೋಳದ ಕೂಳೆ, ಶುಂಠಿಯ ಪಾತಿ, ಏಪ್ರಿಲ್ಲಿನ ಬಿಸಿಲು.
ನೆಂಟರು ಫೋನಿನಲ್ಲಿ ಕೇಳುತ್ತಾರೆ:
ನಿಮಗೇನು ಬಿಡು, ಕೊಡಗು, ಚಳಿ.
ಕೊಟ್ಟಿಗೆಯ ತಗಡಿನ ಮೇಲೆ ಅವರ ಅಂಗೈ
ಒಂದೇ ಒಂದು ಸಲ ಇಡಿಸಬೇಕು.

ಐದು ಹಸು. ಮೂರು ಹಾಲಲ್ಲಿ, ಒಂದು ಗಬ್ಬ,
ಇನ್ನೊಂದು ಚುಕ್ಕಿ, ಅದು ಯಾವ ಲೆಕ್ಕಕ್ಕೂ ನಿಲ್ಲುವುದಲ್ಲ,
ಹಗ್ಗ ಬಿಚ್ಚಿದರೆ ನೇರ ನೀರಿನ ತೊಟ್ಟಿಗೆ.
ಹನ್ನೆರಡು ದಾಟಿತೆಂದರೆ ಒಂದೂ ಮಲಗುವುದಿಲ್ಲ.
ಕತ್ತು ಚಾಚಿ, ಬಾಯಿ ತೆರೆದು ನಿಂತಿರುತ್ತವೆ,
ಜೊಲ್ಲು ದಾರದ ಹಾಗೆ ನೆಲ ಮುಟ್ಟುತ್ತದೆ,
ಮೆಲುಕು ಮರೆತೇ ಹೋಗಿರುತ್ತದೆ.

ಡೇರಿಯಲ್ಲಿ ನಿಂಗರಾಜ ಅಳತೆ ಬರೆದುಕೊಂಡು
‘ಏನಕ್ಕಾ, ನೀರು ಹಸುಗೆ ಕುಡಿಸ್ತೀಯೋ ಹಾಲಿಗೋ’ ಎಂದ.
ಸಾಲಿನಲ್ಲಿದ್ದವರೆಲ್ಲ ನಕ್ಕರು.
ನಾನು ಕ್ಯಾನು ತೊಳೆದುಕೊಂಡು ಬಂದೆ.

ಡಾಕ್ಟರ್ ಬೊಳ್ಳಮ್ಮ ಬಂದರು. ಸೂಜಿ ಎಂದುಕೊಂಡೆ,
ಚೀಲ ತೆರೆಯಲೇ ಇಲ್ಲ.
ಗೌರಿಯ ಪಕ್ಕೆ ನೋಡುತ್ತ, ಕೈಗಡಿಯಾರ ನೋಡುತ್ತ
ತುಟಿಯಲ್ಲೇ ಎಣಿಸಿದರು:
ನಿಮಿಷಕ್ಕೆ ತೊಂಬತ್ತೆರಡು ಉಸಿರು.
‘ಈಗ ನಿಂದು ಎಣಿಸ್ಕೋ.’
ಹದಿನೆಂಟಕ್ಕೆ ನನ್ನದು ಮುಗಿಯಿತು.

ಆಮೇಲೆ ಊದುಬತ್ತಿ ಕೇಳಿದರು.
ದೇವರ ಗೂಡಿಂದ ಒಂದು ತಂದೆ.
ಹಚ್ಚಿ, ಕೊಟ್ಟಿಗೆಯ ನಡುವೆ ಹಿಡಿದು ನಿಂತರು.
ಹೊಗೆ ನೂಲಾಗಿ ಎದ್ದು ತಗಡು ಮುಟ್ಟಿತು,
ಮುಂದೆಲ್ಲಿಗೆ ಎಂದು ಗೊತ್ತಾಗದೆ
ಕೊನೇ ಬಸ್ಸು ತಪ್ಪಿದ ಮುದುಕನ ಹಾಗೆ
ಅಲ್ಲೇ ಕೂತುಬಿಟ್ಟಿತು.
‘ಇದೇ ಕಣಮ್ಮ ಕಾಯಿಲೆ.’

ಪಡುವಣ ಗೋಡೆ ನಾನೇ ಎತ್ತಿಸಿದ್ದು.
ಮೂರು ವರ್ಷದ ಹಿಂದೊಂದು ರಾತ್ರಿ
ಹೊಳೆ ದಾಟಿ ಬಂದ ಒಂಟಿ ಸಲಗ
ಕಿಟಕಿಯಲ್ಲಿ ಸೊಂಡಿಲು ತೂರಿಸಿ
ತೌಡಿನ ಮೂಟೆ ಎಳೆದುಕೊಂಡಿತು, ಮಗುವಿನ ಕೈಯಿಂದ
ಬಿಸ್ಕತ್ತು ಎಳೆದಷ್ಟು ಸಲೀಸಾಗಿ.
ಮರುದಿನ ಕಿಟಕಿ ಮುಚ್ಚಿಸಿದೆ,
ಗೋಡೆ ಸೂರಿಗೆ ಮುಟ್ಟಿಸಿದೆ.
ಭಯ ಎಷ್ಟು ಇಟ್ಟಿಗೆ ಕೇಳಿತೋ ಅಷ್ಟೂ ಕೊಟ್ಟೆ.
ಗಾಳಿಯೂ ಅದೇ ಕಡೆಯಿಂದ ಬರುವುದು
ಆಗ ಯಾರಿಗೆ ನೆನಪು?

ಕುಶಾಲನಗರದ ವೆಲ್ಡಿಂಗ್ ಹಂಝ ಬಂದ.
ಮಾಡಿನ ನೆತ್ತಿಯನ್ನು ಉದ್ದಕ್ಕೂ ಸೀಳಿ
ಒಂದು ಗೇಣು ಬಾಯಿ ಬಿಡಿಸಿದ,
ಅದರ ಮೇಲೆ, ಅಂಟದ ಹಾಗೆ, ತಗಡಿನ ಟೋಪಿ.
‘ಸೋರೋದು ಮುಚ್ಚೋಕೆ ಎಲ್ರೂ ಕರೀತಾರೆ,
ತೂತು ಮಾಡೋಕೆ ಕರೆದೋರು ನೀವೇ ಮೊದಲು.’
ಗೋಡೆಯನ್ನು ಸೊಂಟದೆತ್ತರಕ್ಕೆ ಇಳಿಸಿ
ಹಳೇ ಬೋರಿನ ಪೈಪು ಅಡ್ಡ ಕೊಟ್ಟ.
‘ಆನೆ ಬಂದ್ರೆ?’
‘ಆನೆಗೆ ಗೋಡೆ ಯಾವ ಲೆಕ್ಕ ಅಕ್ಕಾ?’

ಆ ರಾತ್ರಿ ಟಾರ್ಚು ಹಿಡಿದು ಕೊಟ್ಟಿಗೆಯಲ್ಲೇ ಮಲಗಿದೆ.
ಎರಡರ ಸುಮಾರಿಗೆ ಗಾಳಿ ಬಂತು,
ಹೊಳೆಯ ಮರಳಿನ ವಾಸನೆ ಹೊತ್ತುಕೊಂಡು,
ಪೈಪುಗಳ ನಡುವೆ ನುಸುಳಿ, ಐದೂ ಬೆನ್ನು ಸವರಿ,
ನೆತ್ತಿಯಿಂದ ಹೊರಗೆ.
ಗಂಜಲದ ಘಾಟು ಅದರ ಹಿಂದೆಯೇ ಎದ್ದು ಹೋಯಿತು.
ವಯಸ್ಸಾಯಿತು, ಕಣ್ಣುರಿ ಎಂದು
ಮೂರು ವರ್ಷ ಡ್ರಾಪ್ಸ್ ಬಿಟ್ಟುಕೊಂಡಿದ್ದೆನಲ್ಲ.
ಮೊದಲು ಚುಕ್ಕಿ ಮೊಣಕಾಲೂರಿತು. ಆಮೇಲೆ ಗೌರಿ.
ಕತ್ತಲಲ್ಲಿ ಒಂದೊಂದೇ ಭಾರ ನೆಲಕ್ಕಿಳಿಯುವ ಸದ್ದು,
ಆಮೇಲೆ ಮೆಲುಕಿನ ಸದ್ದು.
ಉಸಿರು ಎಣಿಸತೊಡಗಿದೆ,
ಮೂವತ್ತರವರೆಗೆ ನೆನಪಿದೆ.

ಹಾಲು ಏರಿದ್ದು ಅರ್ಧ ಲೀಟರು, ಅಷ್ಟೇ.
ನಿಂಗರಾಜ ಈಗ ಏನೂ ಅನ್ನುವುದಿಲ್ಲ, ಅದು ಸಾಕು.
ಜೂನಿನ ಇರಚಲಿಗೆ ಗೋಣಿಪರದೆ ಹೊಲಿಯುತ್ತಿದ್ದೇನೆ,
ಸುತ್ತಿ ಮೇಲೆತ್ತಲು ಹಗ್ಗ ಬೇರೆ.
ತೌಡಿನ ಮೂಟೆಗಳು ಮನೆಯೊಳಗೆ, ನನ್ನ ಮಂಚದ ಕೆಳಗೆ.
ಹಸುಗಳು ಗಾಳಿಯಲ್ಲಿ ಮಲಗಿವೆ.
ನಾನು ಕಿಟಕಿ ಭದ್ರ ಹಾಕಿಕೊಂಡು
ಒಳಗೆ ಬೆವರುತ್ತಿದ್ದೇನೆ.