ಎದೆತುಂಬು

ಎದೆ ಕಲ್ಲು ಮಾಡಿಕೋ ಅಂದಳು ಲೀಡ್ಸಿನ ಅಂಬುಜಕ್ಕ,
ಫೋನಿನಲ್ಲಿ, ಒಗ್ಗರಣೆ ಸಿಡಿಯುವ ಸದ್ದಿನ ನಡುವೆ.
ಕಲ್ಲಿನ ಬಗ್ಗೆ ನನಗೇನು ಗೊತ್ತು?
ಹನ್ನೊಂದು ವರ್ಷದ ಸಂಸಾರ ಪಾಲಾದಾಗ
ಕುಕ್ಕರಿನ ಮುಚ್ಚಳ ಅವನ ಪೆಟ್ಟಿಗೆ ಸೇರಿತು,
ತಳ ನನ್ನ ಒಲೆಯ ಮೇಲೆ ಉಳಿಯಿತು.
ಬೇಕೆಂದು ಒಯ್ದನೋ, ಅರಿಯದೆ ಒಯ್ದನೋ
ಎಂಬ ಯೋಚನೆಯಲ್ಲೇ ಒಂದು ಚಳಿಗಾಲ ಕಳೆಯಿತು.

ಕಲ್ಲು ಕಲಿಯಲೆಂದೇ ಹೋದೆ, ಏಪ್ರಿಲ್ಲಿನ ಶನಿವಾರಗಳಲ್ಲಿ,
ಡಾರ್ಲಿಂಗ್ಟನ್ನಿನಿಂದ ಎರಡು ಬಸ್ಸು ಬದಲಿಸಿ, ಮ್ಯೂಕರ್ ಎಂಬ ಹಳ್ಳಿಗೆ.
ಅಲ್ಲಿ ಗುಡ್ಡಗಳ ಮೈಮೇಲೆಲ್ಲ ಗಾರೆಯಿಲ್ಲದ ಗೋಡೆಗಳು,
ಯಾರೋ ಅವಸರದಲ್ಲಿ ಹಾಕಿದ ಹೊಲಿಗೆಯ ಹಾಗೆ.
ಕಲಿಸುವವನು ವಿಲ್ಫ್ ಆಲ್ಡರ್ಸನ್. ಎಪ್ಪತ್ತೆಂಟು. ಮಾತು ಕಡಿಮೆ.
ಮಂದಾಕಿನಿ ಅಂದರೆ ಎಲ್ಲರ ಹಾಗೆ ಮ್ಯಾಂಡಿ ಅನ್ನಲಿಲ್ಲ;
ಮೂರು ಸಲ ಕೇಳಿ, ಪೂರ್ತಿ ಅಂದ.

ಬಿದ್ದ ಜಾಗ ಐದು ಮಾರು.
ನಾನು ಕಲ್ಲೆತ್ತಿ ಇಡಹೋದೆ.
ಇನ್ನಷ್ಟು ಕೆಡವು, ಅಂದ.
ಅಲುಗುವುದನ್ನೆಲ್ಲ ತೆಗೆ, ಅಲುಗದ್ದು ಸಿಗುವವರೆಗೆ.
ಸಂಜೆಯ ತನಕ ಕೆಡವಿದ್ದೇ ಕೆಲಸ.
ಕುರಿಗಳು ನೋಡುತ್ತಿದ್ದವು,
ಸಾವಿನ ಮನೆಗೆ ಬಂದ ದೂರದ ನೆಂಟರಂತೆ,
ಮೆಲುಕು ಹಾಕುತ್ತ.

ಯಾಕೆ ಬಿತ್ತು ಇದು? ಮಳೆಯೇ? ಹಿಮವೇ? ಯಾರಾದರೂ ಹತ್ತಿದರೇ?
ನನಗೊಬ್ಬ ಅಪರಾಧಿ ಬೇಕಿತ್ತು.
ವಿಲ್ಫ್ ಗೋಡೆಯ ಸೀಳಿದ ಹೊಟ್ಟೆ ತೋರಿಸಿದ:
ಎರಡು ಮುಖ ಇದಕ್ಕೆ, ಆಚೆಗೊಂದು ಈಚೆಗೊಂದು,
ನಡುವೆ ಚೂರುಗಲ್ಲು. ಅದರ ಹೆಸರು ಹಾರ್ಟಿಂಗ್.
ಎದೆತುಂಬು, ಎಂದುಕೊಂಡೆ ನನ್ನ ಮಾತಿನಲ್ಲಿ.
ಕಟ್ಟಿದವನು ಸಲಿಕೆಯಲ್ಲಿ ಸುರಿದಿದ್ದಾನೆ ನೋಡು,
ಒಂದೊಂದನ್ನೇ ಕೈಯಾರೆ ಇಡಬೇಕಿತ್ತು.
ಹೊರಗಿನ ಕಲ್ಲುಗಳದೇನೂ ತಪ್ಪಿಲ್ಲ.

ಸಲಿಕೆಯಲ್ಲಿ ಸುರಿದ ದಿನಗಳು ನೆನಪಾದವು.
ಅವನದಷ್ಟೇ ಅಲ್ಲ, ನನ್ನ ಸಲಿಕೆಯೂ:
ರಾತ್ರಿಪಾಳಿ ಮುಗಿಸಿ ಬಂದು ಆಡದೆ ಬಿಟ್ಟ ಮಾತು,
‘ಏನಿಲ್ಲ’ ಎಂದು ಮುಚ್ಚಿದ ಬಾಗಿಲು,
ಬಂದವರೆದುರು ನೆಟ್ಟಗೆ ನಿಂತ ಎರಡು ಮುಖ.
ಇದರಿಂದ ಅವನು ಮಾಡಿದ್ದು ಸರಿಯಾಗುವುದಿಲ್ಲ.
ಇಲ್ಲ. ಅದನ್ನು ಬೇರೆಯೇ ಗುಡ್ಡೆ ಹಾಕಿದ್ದೇನೆ,
ಯಾವ ಗೋಡೆಗೂ ಒದಗದ ಕಲ್ಲುಗಳ ಜೊತೆ, ಹುಲ್ಲಿನ ಮೇಲೆ.

ಎರಡನೆಯ ಶನಿವಾರ ಬುಡದಲ್ಲಿ ಗೇಣಗಲ ಕಂಡಿ ಬಿಡಿಸಿದ.
ಇಷ್ಟೆಲ್ಲ ಬೆವರಿ ಮತ್ತೆ ತೂತೇ? ಅಂದೆ.
ಮೊಲಕ್ಕೆ. ನೀರಿಗೆ.
ದಾರಿ ಕೊಡದಿದ್ದರೆ ಅವೇ ಮಾಡಿಕೊಳ್ಳುತ್ತವೆ.

ಮೂರನೆಯ ಶನಿವಾರ ಕಲ್ಲೊಂದು ಜಾರಿ
ಹೆಬ್ಬೆರಳಿನ ಉಗುರು ಕಪ್ಪಾಯಿತು.
ಆವತ್ತು ಅತ್ತೆ. ಜೋರಾಗಿ, ಬಯಲಲ್ಲಿ, ಕನ್ನಡದಲ್ಲಿ.
ಒಂದು ಉಗುರಿಗೆ ಅಷ್ಟು ಅಳುವುದುಂಟೆ?
ವಿಲ್ಫ್ ಫ್ಲಾಸ್ಕಿನ ಚಹಾ ಬಗ್ಗಿಸಿಕೊಟ್ಟು
ಆಚೆ ತಿರುಗಿ ಕಲ್ಲು ಆರಿಸುತ್ತಿದ್ದ,
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಜೂನಿನಲ್ಲಿ ಮುಗಿಯಿತು. ಕಟ್ಟಿದ ಜಾಗ ಎದ್ದು ಕಾಣುತ್ತದೆ:
ಅಕ್ಕಪಕ್ಕದ ಕಲ್ಲಿಗೆ ಪಾಚಿ, ಇದು ಬೋಳು ಬೋಳು.
ಒಂದೇ ಆಗಲು ಎಷ್ಟು ವರ್ಷ ಬೇಕು?
ನಾನಂತೂ ನೋಡಲಿಕ್ಕಿಲ್ಲ, ಅಂದ ವಿಲ್ಫ್, ಮೊದಲ ಸಲ ನಕ್ಕು.

ಮಾಯುವುದೆಂದರೆ ಮಾಯವಾಗುವುದು ಎಂದೇ ತಿಳಿದಿದ್ದೆ;
ಒಂದೇ ಗೋಡೆಯ ಎರಡು ಮನೆಗಳಂಥ ಮಾತುಗಳು.
ಈಗ ಬಸ್ಸಿನಲ್ಲಿ ಉಗುರು ನೋಡಿಕೊಳ್ಳುತ್ತೇನೆ:
ಬುಡದಿಂದ ತೆಳ್ಳಗೆ ಹೊಸದು ಬರುತ್ತಿದೆ,
ಕಪ್ಪನ್ನು ಅಳಿಸದೆ, ಮುಂದಕ್ಕೆ ಮುಂದಕ್ಕೆ ತಳ್ಳುತ್ತ.
ಕತ್ತರಿಸುವ ದಿನ ಇನ್ನೂ ಬಂದಿಲ್ಲ.

ಮನೆಗೆ ಬಂದು ಅದೇ ಕುಕ್ಕರಿನಲ್ಲಿ ಬೇಳೆಗಿಡುತ್ತೇನೆ,
ಮೇಲೊಂದು ತಟ್ಟೆ ಮುಚ್ಚಿ.
ಹೊತ್ತು ಹಿಡಿಯುತ್ತದೆ. ಕೂಗುವುದಿಲ್ಲ.
ಬೇಯುತ್ತದೆ.