ಅಂಗಿ ಇಳಿಯುವ ದಿನ

ವರ್ಷಕ್ಕೊಮ್ಮೆ ಗುಡ್ಡ ಇಳಿಯುತ್ತದೆ
ಚಂಪಾದ ಅರಸನ ಅಂಗಿ,
ರಗ್ಲಾಯ್ ಮುದುಕ ಕಟೋರ್ ಥುವಾನ
ಬೆನ್ನುಬುಟ್ಟಿಯಲ್ಲಿ.

ಓಡುವ ದೊರೆ ಇಟ್ಟುಹೋದದ್ದಂತೆ:
‘ಬರುತ್ತೇನೆ, ನೋಡಿಕೊಂಡಿರು.’
ಬರಲಿಲ್ಲ.
ಬಂದವು ನುಸಿ, ಗೆದ್ದಲು, ಎರಡು ಯುದ್ಧ.
ಬಾಂಬು ಬಿದ್ದ ರಾತ್ರಿ ಥುವಾನ ಅಜ್ಜಿ
ಮೊದಲು ಅಂಗಿ ಎತ್ತಿಕೊಂಡಳು,
ಆಮೇಲೆ ಇವನನ್ನು.

ಕೆಳಗೆ ಕಳ್ಳಿ, ಆಡು, ಬಿಸಿಲು.
ಇಟ್ಟಿಗೆ ಗೋಪುರದೊಳಗೆ ಚಾಮ್ ಜನ
ಕಲ್ಲಿನ ದೊರೆಯನ್ನು ಮೀಯಿಸಿ ತೊಡಿಸುತ್ತಾರೆ.
ಎದೆಯಲ್ಲಿ ತೂತು, ತೋಳಲ್ಲಿ ತೂತು.
ತೂತಿನಲ್ಲಿ ಇಣುಕುವುದು ಬರೀ ಕಲ್ಲು.

‘ಈ ಸಲವಾದರೂ ಒಗೆಯಲೇನು?’
ಬಾಳೆಹಣ್ಣು ಸುಲಿಯುತ್ತ ಕೇಳುತ್ತಾನೆ ಥುವಾ.
‘ಬೇಡಪ್ಪ,’ ಪೂಜಾರಿಯ ಸೊಸೆ ನಗುತ್ತಾಳೆ,
‘ಉಳಿದ ರಾಜ್ಯವೂ ನೀರಲ್ಲಿ ಬಿಟ್ಟೀತು.’

ಸಂಜೆ ಮತ್ತೆ ಬುಟ್ಟಿ, ಮತ್ತೆ ಏರು.
ಹೋದ ವರ್ಷಕ್ಕಿಂತ ಹಗುರ ಅನ್ನಿಸುತ್ತದೆ.
ಬುಟ್ಟಿ ಹೊಸದು,
ಅದಕ್ಕಿರಬೇಕು.